ಕೋಟು ಜಾಡಿಸುವ ಬಡಗಿ

ಸ್ವಂತ ಮನೆಗೆ ಕಾಲಿಡುವ ಮುನ್ನ ತನ್ನನ್ನೇ ಬಡಿದುಕೊಳ್ಳುವ ಗೃಹಸ್ಥನನ್ನು ಆ ಬೀದಿಯವರು ದಿನವೂ ಕಾಣುತ್ತಿದ್ದರು. ಎಡಭುಜ ತುಸು ಇಳಿಬಿಟ್ಟು ನಡೆದು ಬಂದ ಬಡಗಿ, ಮೊಣಕಾಲು ಮುಟ್ಟುವ ಬೂದುಕೋಟನ್ನು ಮೆಟ್ಟಿಲ ಮೇಲೆ ಕಳಚಿ ಗೋಡೆಗೆ ಬಡಿದು, ಮೈಕೈ ಜಾಡಿಸಿ, ಹುಬ್ಬನ್ನೂ ಬಿಡದೆ ಒದ್ದೆ ಬಟ್ಟೆಯಿಂದ ಒರೆಸಿಕೊಂಡು, ಮರದ ಹೊಟ್ಟಿನ ಕಣವೊಂದೂ ಉಳಿದಿಲ್ಲವೆಂದು ಖಾತ್ರಿಯಾದ ಮೇಲೆಯೇ ಹೊಸ್ತಿಲು ದಾಟುತ್ತಿದ್ದ. ಬೀದಿ ಅವನಿಗೆ ಜಾಡಿಸಪ್ಪ ಎಂದೇ ಹೆಸರಿಟ್ಟಿತ್ತು.

ಕಾರಣ ಒಳಗಿತ್ತು: ಹನ್ನೊಂದರ ಮಗಳು, ಅವಳ ಉಗ್ರವಾದ ಉಬ್ಬಸ. ತನ್ನ ಕಸುಬೇ ಮಗುವಿನ ಎದೆ ಹಿಂಡುತ್ತಿದೆಯೇನೋ ಎಂಬ ಸಂಶಯ ಅವನನ್ನು ಕೊರೆಯುತ್ತಿತ್ತು. ಕಸುಬು ಬಿಟ್ಟರೆ ಹೊಟ್ಟೆಗೇನು, ಬಿಡದಿದ್ದರೆ ಮಗಳಿಗೇನು? ಅಳೆಯದೆ ಮೊಳೆಯನ್ನೂ ಹೊಡೆಯದವನು, ಆಸ್ಪತ್ರೆಯವರು ಕೊಟ್ಟ ಉಸಿರಳೆಯುವ ಕೊಳವೆಯನ್ನು ದಿನಾ ಬೆಳಗ್ಗೆ ಅವಳಿಂದ ಊದಿಸಿ, ಬಂದ ಅಂಕಿಯನ್ನು ಬಾಗಿಲ ಚೌಕಟ್ಟಿನ ಮೇಲೆ, ಅವಳ ಎತ್ತರದ ಗೆರೆಗಳ ಪಕ್ಕದಲ್ಲೇ, ಕಿವಿಗೆ ಸಿಕ್ಕಿಸಿದ ಪೆನ್ಸಿಲ್ ತೆಗೆದು ಬರೆಯುತ್ತಿದ್ದ.

ಮನೆಯೊಳಗೆ ಬೇರೆಯೇ ವ್ಯಾಜ್ಯ. “ನೂಲಿನಂತೆ ಸೀರೆ, ತಾಯಿಯಂತೆ ಮಗಳು” ಎಂದು ಅವನ ತಾಯಿ ಸೊಸೆಯತ್ತ ನೋಡಿದರೆ, “ಅತ್ತೆ, ನಮ್ಮ ತವರಲ್ಲಿ ಯಾರಿಗೂ ಒಂದು ಸೀನೂ ಇಲ್ಲ!” ಎಂದು ಹೆಂಡತಿ ಸಿಡಿಯುತ್ತಿದ್ದಳು. ಬಡಗಿ ಅಡಕತ್ತರಿಯಲ್ಲಿ ಸಿಕ್ಕಿದ ಅಡಿಕೆ.

ಕೊನೆಗೆ ಅವನು ಅಂಗಡಿಯನ್ನೇ ಮುಚ್ಚಿದ. ಅಂಕಿ ತುಸು ಏರಿತು, ಅವನಿಗೆ ಜೀವ ಬಂತು; ತಿಂಗಳು ಕಳೆಯುವಷ್ಟರಲ್ಲಿ ಮಗಳು ಮತ್ತೆ ಆಸ್ಪತ್ರೆಯಲ್ಲಿದ್ದಳು. ಅಲ್ಲಿ, ಹೇಗೆ ಊದಬೇಕೆಂದು ಅವಳಿಗೆ ತೋರಿಸಹೋಗಿ ತಾನೇ ಕೊಳವೆ ಊದಿದ. ಮುಳ್ಳು ಅರ್ಧ ದಾರಿಯಲ್ಲೇ ನಿಂತಿತು. ಡಾಕ್ಟರಮ್ಮ ಬಿಡದೆ ಪರೀಕ್ಷೆ ಮಾಡಿಸಿದರು: ಅವನಿಗೂ ಉಬ್ಬಸ, ಆದರೆ ಸೌಮ್ಯ. ಇಪ್ಪತ್ತು ವರ್ಷ ಅದನ್ನವನು ಮರ ಹೆರೆಯುವ ಕೀಸುಳಿ ತಳ್ಳಿದ ಆಯಾಸವೆಂದೇ ತಿಳಿದಿದ್ದ!

“ಹಾಗಾದ್ರೆ ಹೊಟ್ಟೋ, ರಕ್ತವೋ? ಯಾವುದಾದ್ರೂ ಒಂದು ಹೇಳಿ, ತಾಯಿ.”

“ಎರಡೂ ಇರಬಹುದು. ಕಾಯಿಲೆ ಎಷ್ಟು ಜೋರಾಗುತ್ತೆ, ಔಷಧಿ ಎಷ್ಟು ಹಿಡಿಯುತ್ತೆ ಅನ್ನೋದರಲ್ಲಿ ವಂಶದ್ದೂ ಪಾಲಿರುತ್ತೆ. ಯಾವುದರದ್ದು ಎಷ್ಟು ಅಂತ ಮಾತ್ರ ಬಿಡಿಸಿ ಹೇಳೋಕಾಗಲ್ಲ. ಅಂಗಡಿ ಮತ್ತೆ ತೆಗೀರಿ, ಧೂಳು ಮನೆಗೆ ತರಬೇಡಿ, ಇಬ್ಬರೂ ಔಷಧಿ ಬಿಡಬೇಡಿ.”

ಮೂಲೆಮಟ್ಟ ಹಿಡಿದು ಎಲ್ಲವನ್ನೂ ಅಳೆದು ಬದುಕಿದವನಿಗೆ ಇದೆಂಥ ಉತ್ತರ! ತನ್ನದೇ ರಕ್ತವಾದರೆ ತನಗೆ ಹಗುರವಾದದ್ದು ಮಗಳಿಗೇಕೆ ಇಷ್ಟು ಭಾರ? ಹೊಟ್ಟಾದರೆ ಅದರಲ್ಲೇ ಮುಳುಗಿದ ತಾನು ಎದ್ದು ಓಡಾಡುತ್ತಿರುವುದು ಹೇಗೆ?

ಮಗಳು ಮನೆಗೆ ಮರಳಿದ ಸಂಜೆ ಅವನು ಮೆಟ್ಟಿಲ ಮೇಲೆ ನಿಂತು ಒಗೆದ ಅಂಗಿಯನ್ನು ಜಾಡಿಸುತ್ತಲೇ ಇದ್ದ.

“ಅಪ್ಪಾ, ಕೋಟೇ ಹಾಕಿಲ್ವಲ್ಲ, ಏನು ಜಾಡಿಸ್ತಿದ್ದೀಯ?”

“ಗೊತ್ತಾಗ್ತಿಲ್ಲ, ಮಗಳೇ.”

“ನನಗೆ ನಿನ್ನ ಮೂಗು ಬಂದಿದೆ ಅಂತ ಎಲ್ಲರ ಹತ್ರ ಹೇಳ್ಕೊಂಡು ಮೆರೀತೀಯಲ್ಲ, ಉಸಿರೂ ಬಂದಿದೆ ಅಂದ್ಕೋ. ಒಳಗೆ ಬಾ.”

ಮರುದಿನದಿಂದ ಚೌಕಟ್ಟಿನ ಮೇಲೆ ದಿನಕ್ಕೆರಡು ಅಂಕಿಗಳು, ಮಗಳದೊಂದು, ಅಪ್ಪನದೊಂದು. ಅಂಗಡಿಯೂ ತೆರೆಯಿತು, ಮೆಟ್ಟಿಲ ಮೇಲಿನ ಬಡಿತವೂ ನಿಲ್ಲಲಿಲ್ಲ. ಇಂಥ ತಂದೆಯರೇ ಹೀಗೆ: ಮಕ್ಕಳಿಗೆ ಕೊಟ್ಟ ನಗೆಯನ್ನೂ ನಡೆಯನ್ನೂ ಅವರು ಎಂದೂ ಅಳೆಯುವುದಿಲ್ಲ, ತಿಳಿಯದೆ ಕೊಟ್ಟ ನೋವನ್ನು ಮಾತ್ರ ಹೊಸ್ತಿಲಾಚೆ ನಿಂತು ಬದುಕಿಡೀ ಜಾಡಿಸುತ್ತಾರೆ, ಒಳಗಿನಿಂದ ಯಾರಾದರೂ ಕರೆಯುವವರೆಗೆ.