ಕೋಡೊಲೆಯ ಬಾಯಿ

ಹೊಗೆ, ಮತ್ತೆ ಹೊಗೆ, ದೊಡ್ಡ ಒಲೆಗೆ ಇವತ್ತು ಎಂತದೋ ಹಠ, ಒಣ ತೆಂಗಿನ ಮಡಲು ತುರುಕಿದರೂ ಹತ್ತುವುದಿಲ್ಲ, ಅದರ ಪಕ್ಕಕ್ಕೆ ಅಂಟಿಕೊಂಡ ಕೋಡೊಲೆ ಮಾತ್ರ, ಒಂದು ಚೂರು ಕಟ್ಟಿಗೆ ಯಾರೂ ಇಡದಿದ್ದರೂ, ಒಳದಾರಿಯಲ್ಲಿ ಉರಿಯನ್ನೆಲ್ಲ ಎಳೆದುಕೊಂಡು ಕೆಂಪಗೆ ಕೂತಿದೆ — ಅಪೊಲೋನಿಯಾ ಕಣ್ಣೊರೆಸಿಕೊಂಡಳು. ಜಗಲಿಯಲ್ಲಿ ಗಂಡನ ಸ್ವರ, ಹಡಗಿನ ಅಡುಗೆಯವ ಅಲೋಶಿಯಸ್, ಮೂರು ವರ್ಷದ ಮೇಲೆ ಕಾಪುವಿಗೆ ರಜೆಯಲ್ಲಿ ಬಂದ ದೊರೆ, ನೆರೆಮನೆಯ ಲೀಲಾಧರನಿಗೆ ಇಟಲಿಯ ಬೆಂಕಿಗುಡ್ಡದ ಕಥೆ ಹೇಳುತ್ತಿದ್ದಾನೆ, ಎಟ್ನಾ ಅಂತ ಹೆಸರು ಮಾರಾಯ, ನೆತ್ತಿಯಲ್ಲಿ ದೊಡ್ಡ ಬಾಯಿ ಉಂಟು, ಅದರಲ್ಲಿ ಬರೀ ಹೊಗೆ, ಬೆಂಕಿ ಇರುವುದೆಲ್ಲ ಪಕ್ಕದ ಸಣ್ಣ ಬಾಯಿಯಲ್ಲಿ, ಅಲ್ಲಿಂದ ಲಾವಾ ಕೆಂಡದ ಗಂಜಿಯ ಹಾಗೆ ಉಕ್ಕಿ ಇಳಿಯುತ್ತದೆ, ಮೇಲೆ ಕಪ್ಪು ಕೆನೆ ಕಟ್ಟಿದರೂ ಒಳಗೆ ಹರಿಯುತ್ತಲೇ ಇರುತ್ತದೆ — ನೀವು ಹತ್ತಿರ ಹೋಗಿದ್ದೀರಾ ಎಂದ ಲೀಲಾಧರ — ಹೋಗುವುದೆಂತಕ್ಕೆ, ಸಂಜೆ ನಮ್ಮ ಅಂಗಳದಲ್ಲಿ ಕೂತರೆ ಕಾಣುತ್ತದಲ್ವಾ.

ನಮ್ಮ ಅಂಗಳ. ಸೌಟು ಕೈಯಲ್ಲೇ ನಿಂತಿತು. ನಮ್ಮ ಅಂಗಳದಲ್ಲಿ ಕೂತರೆ ಕಾಣುವುದು ಕಾಪುವಿನ ದೀಪಸ್ತಂಭ, ಬೇರೆ ಯಾವ ಬೆಂಕಿಯೂ ಇಲ್ಲ, ಹಡಗು ಇಟಲಿಯಲ್ಲಿ ಒಂದು ದಿನ ನಿಂತರೆ ಹೆಚ್ಚು ಎಂದವನು ಇವನೇ, ಕಂಪೆನಿಯವರು ರಜೆ ಕೊಡುವುದಿಲ್ಲ ಎಂದು ಬರೆದವನೂ ಇವನೇ, ಇವಳೊಬ್ಬಳು ಪೆದ್ದಿ, ಪ್ರತಿ ಕ್ರಿಸ್ಮಸ್ಸಿಗೂ ಕುಸ್ವಾರ್ ತಿಂಡಿ ಮಾಡಿ ಅವನ ಪಾಲನ್ನು ಡಬ್ಬಿಯಲ್ಲಿ ಮುಗ್ಗಲು ಬಿಟ್ಟವಳು, ಹಡಗು ಮುಳುಗದಿರಲಿ ಎಂದು ಇಗರ್ಜಿಯಲ್ಲಿ ಮೇಣದಬತ್ತಿ ಹಚ್ಚಿದವಳು — ಮುಳುಗಬೇಕಿತ್ತು, ಛೀ, ಎಂತ ಮಾತು, ಆದರೂ ಮುಳುಗಬೇಕಿತ್ತು. ಜಗಲಿಯಲ್ಲಿ ಲೀಲಾಧರನಿಗೂ ಅರ್ಥವಾಯಿತೋ ಏನೋ, ಕೆಮ್ಮಿ ಎದ್ದು ಹೋದ, ಅಲೋಶಿಯಸ್ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ, ಊಟ ಆಯಿತಾ — ಯಾರ ಅಂಗಳ ಅದು — ಎಂತದು — ನಮ್ಮ ಅಂಗಳ ಅಂದಿರಲ್ಲ, ಅಲ್ಲಿ ಯಾರಿದ್ದಾರೆ — ಅವನು ಒಲೆ ನೋಡಿದ, ಅವಳ ಮುಖ ನೋಡಲಿಲ್ಲ, ಬಾಯಿ ತಪ್ಪಿ ಬಂತು ಎಂದ.

ಬಾಯಿ ತಪ್ಪಿ ಬಂತಂತೆ, ಇಲ್ಲ ಎನ್ನಲಿಲ್ಲ, ಒಂದು ಸುಳ್ಳನ್ನಾದರೂ ಹೇಳಬಾರದಿತ್ತೇ, ನಂಬುತ್ತಿದ್ದಳು, ಇಷ್ಟು ವರ್ಷ ನಂಬಿದವಳಿಗೆ ಇನ್ನೊಂದು ಭಾರವೇ, ದೊಡ್ಡ ಬಾಯಿಯಲ್ಲಿ ಬರೀ ಹೊಗೆ, ಹೌದು, ಮದುವೆಯಾದ ಒಲೆ ಇದು, ಕಟ್ಟಿಗೆ ಇಲ್ಲಿಗೆ, ಬೂದಿ ಇಲ್ಲಿಗೆ, ಉರಿ ಅಲ್ಲಿಗೆ — ಕಟ್ಟಿಗೆಯನ್ನು ಹೊರಗೆಳೆದಳು, ಚೊಂಬಿನ ನೀರು ಸುರಿದಳು, ಚುಂಯ್ ಎಂದಿತು, ಹೊಗೆ, ಮತ್ತೆ ಹೊಗೆ, ಹೊಗೆಯೊಳಗೆ ಅವನು ಕಾಣಲಿಲ್ಲ, ಕೋಡೊಲೆ ಕಂಡಿತು, ಅದರ ಬಾಯಿ ಇನ್ನೂ ಕೆಂಪು, ಇನ್ನೂ ಕೆಂಪು