ನಕ್ಷತ್ರ ಕಟ್ಟದ ಮನೆ

"ಸತ್ತ ಮನೆ ಅಂಗಳದಲ್ಲಿ ಬಾಯಿ ಹಾಕೂಕೆ ಇದು ನಿಮ್ಮ ಕೇರಿ ಸುಗ್ಗಿ ಅಲ್ಲ ಮಾರಾಯ. ಗೋಡೆಗೆ ಬಣ್ಣ ಬಳಿಯೂ ಕೈಗೆ ಹಾಡಿನ ಪುಸ್ತಕ ಕೊಟ್ಟದ್ದು ನಮ್ಮದೇ ತಪ್ಪು. ಏಳನೇ ಕ್ಲಾಸು ದಾಟದವಂಗೆ ಮನುಷ್ಯರ ದುಃಖ ಎಲ್ಲಿ ತಿಳಿತದೆ?"

ಹಾಡು ಕಲಿಸುವ ವಿನ್ಸೆಂಟ್ ಮಾಸ್ತರರು ಇಷ್ಟನ್ನು ದಾರಿಯ ನಡುವೆ ನಿಂತು, ಕ್ಯಾರಲ್ ತಂಡದ ಅಷ್ಟೂ ಜನ ಕೇಳುವ ಹಾಗೆ ಹೇಳಿದರು. ಗಿಟಾರು ಹಿಡಿದವರು, ಕೆಂಪು ಟೊಪ್ಪಿಯ ಹುಡುಗಿಯರು, ಹತ್ತಿಯ ಗಡ್ಡ ಅಂಟಿಸಿಕೊಂಡ ಸಾಂತಾ, ಎಲ್ಲರೂ ಒಮ್ಮೆ ದಿನಕರನನ್ನು ನೋಡಿ ಆಮೇಲೆ ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು. ಎದುರು ಮನೆಯ ಕಿಟಕಿಯಲ್ಲಿ ಮುಖಗಳು ಕಂಡವು. ದಿನಕರನ ಕಿವಿ ಕಾದ ಬಾಣಲೆಯಾಗಿತ್ತು. ಹೊಡೆದರೆ ಒಂದೇ ಏಟು, ಮಾಸ್ತರರ ಕನ್ನಡಕ ಗಟಾರಕ್ಕೆ. ಆದರೆ ಕೈ ಏಳುವ ಮೊದಲೇ ಕಣ್ಣು ಆ ಮನೆಯ ಬಾಗಿಲ ಕಡೆ ಹೋಯಿತು. ಸತ್ತ ಮನೆ ಎಂದರೆ ಹಾಡಬಾರದೇ? ಹಾಗಾದರೆ ಒಳಗಿದ್ದ ಆ ಹೆಂಗಸಿಗೆ ತಾನು ಈಗ ಮಾಡಿದ್ದೇನು?

ಆದದ್ದು ಇಷ್ಟೆ. ಹೊನ್ನಾವರದ ಹೊಳೆಯಂಚಿನ ಕ್ರಿಶ್ಚಿಯನ್ನರ ಮನೆಗಳಿಗೆ ತಂಡ ಪ್ರತಿ ವರ್ಷ ಹೊತ್ತು ಮುಳುಗುವಾಗ ಹೊರಡುತ್ತದೆ. ಬಾಗಿಲಲ್ಲಿ ನಕ್ಷತ್ರ ಉರಿಯುವ ಮನೆಗೆಲ್ಲ ಹೋಗಿ ಹಾಡುವುದು, ಅವರು ಕೊಟ್ಟ ನೆವ್ರಿ, ಕಲ್ಕಲ್ ಎಂಬ ಹಬ್ಬದ ತಿಂಡಿ ತಿಂದು ಮುಂದಿನ ಮನೆಗೆ ನಡೆಯುವುದು. ರೊಜಾಲಿನ್ ಬಾಯಿಯ ಮನೆಗೆ ಈ ವರ್ಷ ನಕ್ಷತ್ರ ಇರಲಿಲ್ಲ. ಅವರ ಒಬ್ಬನೇ ಮಗ ಬೋನಿ ಮಳೆಗಾಲದಲ್ಲಿ ಭಟ್ಕಳದಿಂದ ಬರುವಾಗ ಶಿರಾಲಿಯ ಹತ್ತಿರ ಬೈಕು ಜಾರಿ ತೀರಿಹೋದವನು. ಆ ಓಣಿಯ ಬಾಯಿಗೆ ಬಂದದ್ದೇ ತಂಡದವರೆಲ್ಲ ಗಿಟಾರಿನ ತಂತಿಯ ಮೇಲೆ ಅಂಗೈ ಇಟ್ಟರು. ಸಾಂತಾ ಗಂಟೆಯ ನಾಲಿಗೆ ಹಿಡಿದುಕೊಂಡ. ಮಾಸ್ತರರು ಹಿಂದೆ ಎಲ್ಲೋ ಫೋನಿನಲ್ಲಿದ್ದರು, ದಿನಕರ ಎಲ್ಲರಿಗಿಂತ ಮುಂದಿದ್ದ.

ಸದ್ದು ಅಡಗಿದ್ದು ನೋಡಿ ಅವನಿಗೆ ಸಂಶಯವೇ ಉಳಿಯಲಿಲ್ಲ. ಕರ್ಕಿ ಕಡೆಯ ಅವನ ಗೌಡರ ಕೇರಿಯಲ್ಲಿ ಮನೆಮನೆಗೆ ಹಾಡಿ ಕುಣಿಯುವ ಸುಗ್ಗಿಯ ಮೇಳ ಹೊರಟರೆ ಆ ವರ್ಷ ಸಾವಾದ ಮನೆಗೇ ಮೊದಲು ಹೋಗಬೇಕು. ಓಣಿಯಲ್ಲೇ ಗೆಜ್ಜೆ ಬಿಚ್ಚಿ ಕೈಯಲ್ಲಿ ಹಿಡಿದು, ಗುಮಟೆ ವಾದ್ಯದ ಬಾಯಿಗೆ ಅಂಗೈ ಮುಚ್ಚಿ, ಸದ್ದಿಲ್ಲದೆ ಅಂಗಳಕ್ಕೆ ಇಳಿದು ಒಂದು ಹಾಡು ಹೇಳಬೇಕು. ಆಮೇಲೆಯೇ ಉಳಿದ ಮನೆ. ಮೇಳ ಬಾರದ ಮನೆಯವರು ಮುಂದೆ ಯಾವ ಹಬ್ಬವನ್ನೂ ಮಾಡುವ ಹಾಗಿಲ್ಲ. ಅಪ್ಪ ಲಿಂಗಪ್ಪ ಗೌಡ ತೀರಿಕೊಂಡ ವರ್ಷ ಮೇಳ ಅವನ ಅಂಗಳದಲ್ಲಿ ನಿಂತು ಹಾಡಿದಾಗ ಅವನ ಅವ್ವಿ ಸೋಮಿ ಮೊದಲ ಸಲ ಗಟ್ಟಿಯಾಗಿ ಅತ್ತು, ಅಂದು ಸಂಜೆ ಒಲೆ ಹಚ್ಚಿ ಮೀನು ಬೇಯಿಸಿದ್ದಳು.

ಹಾಗಾಗಿ ಅವನು ನೇರ ಅಂಗಳದೊಳಗೆ ನಡೆದ. ಮುಚ್ಚಿದ ಬಾಗಿಲ ಮುಂದೆ ನಿಂತು ತಂಡದ ಹಾಡುಗಳಲ್ಲಿ ತನಗೆ ಬಹಳ ಹಿಡಿಸಿದ, ನಿಧಾನದ ಹಾಡೊಂದನ್ನು ಎತ್ತಿಕೊಂಡ. ಎರಡನೇ ಸಾಲಿಗೆ ಯಾರೂ ಸೇರಲಿಲ್ಲ. ದುಃಖದ ಮನೆಯಲ್ಲವೇ, ಒಬ್ಬನದೇ ದನಿ ಸಾಕೆಂದು ಬಿಟ್ಟಿದ್ದಾರೆ ಎಂದುಕೊಂಡ. ಮುಗಿಯುವ ಹೊತ್ತಿಗೆ ಬಾಗಿಲು ಒಂದು ಗೇಣು ತೆರೆದು ಕತ್ತಲೆ ಕಂಡಿತು. ಅಷ್ಟರಲ್ಲಿ ಮಾಸ್ತರರ ಕೈ ಅವನ ರಟ್ಟೆಗೆ ಬಿದ್ದು ಅವನನ್ನು ದಾರಿಗೆ ಎಳೆದು ತಂದಿತ್ತು. ಇವರಲ್ಲಿಯೂ ಸಾವಿನ ಮನೆಯ ಹತ್ತಿರ ವಾದ್ಯ ಮುಚ್ಚುತ್ತಾರೆ, ಆದರೆ ಅದು ಸುಮ್ಮನೆ ದಾಟಿ ಹೋಗುವುದಕ್ಕೆ. ಇದನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಹುಟ್ಟಿದಾಗಿನಿಂದ ಗೊತ್ತಿರುವುದನ್ನು ಯಾರು ಯಾರಿಗೆ ಹೇಳುತ್ತಾರೆ?

ದಿನಕರ ಈ ತಂಡಕ್ಕೆ ಬಂದದ್ದು ಹೋದ ವರ್ಷ, ಏಣಿಯ ಮೇಲಿನಿಂದ. ಪೇಂಟಿಂಗ್ ಕಂತ್ರಾಟುದಾರ ಇನಾಸನ ಜೊತೆ ಇಗರ್ಜಿಯ ಒಳಗೋಡೆಗೆ ಬಣ್ಣ ಹೊಡೆಯುತ್ತಿದ್ದಾಗ ಕೆಳಗೆ ಕ್ರಿಸ್‌ಮಸ್ಸಿನ ಅಭ್ಯಾಸ ನಡೆದಿತ್ತು. ಕುಣಿಯುವ ಹಾಡುಗಳು ಅವನ ಕಿವಿಗೆ ತಾಗಲಿಲ್ಲ, ಅಂಥವು ಆಟೋದಲ್ಲೂ ಸಿಗುತ್ತವೆ. ಆಮೇಲೆ ಈ ನಿಧಾನದ ಹಾಡು ಬಂತು. ಹೊಸ ಹಾಡಲ್ಲ, ಯಾರದೋ ಅಜ್ಜಿಯ ಕಾಲದ್ದು. ತಾಯಿ ಮಗುವಿಗೆ ಹೇಳುತ್ತಾಳೆ: ಇವತ್ತೊಂದು ದಿನ ನನ್ನ ಮಡಿಲಲ್ಲಿ ಮಲಗು ಬಾಳಾ, ನಾಳೆಯಿಂದ ನೀನು ಎಲ್ಲರವನು. ದನಿ ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿದು, ಇನ್ನು ಇಳಿಯಲು ಜಾಗವಿಲ್ಲ ಎನ್ನುವಲ್ಲಿ ನಿಂತು, ಅಲ್ಲಿಂದ ಇನ್ನೊಂದು ದನಿ ಮಂಜಿನ ಹಾಗೆ ಏಳುತ್ತದೆ. ದಿನಕರನ ಕೈಯ ಬ್ರಷ್ಷು ನಿಂತಿತು. ಕೊಂಕಣಿ ಅವನಿಗೆ ನೆರೆಹೊರೆಯ ಭಾಷೆ, ಮಾತು ತಿಳಿಯಿತು. ಮಾತಿಗಿಂತ ಮೊದಲು ಮೈ ಜುಮ್ಮೆಂದಿತು. ತನಗೆ ಗೊತ್ತಿಲ್ಲದೆಯೇ ಆ ಎರಡನೇ ದನಿಯನ್ನು ಮೇಲಿನಿಂದ ಎತ್ತಿದ. ಕೆಳಗಿದ್ದವರು ತಲೆಯೆತ್ತಿ ನೋಡಿದರು. ಪಾದ್ರಿಗಳು ನಕ್ಕು, ಕೊರಳಿಗೆ ಜಾತಿ ಎಂತಕ್ಕೆ, ಇಳಿದು ಬಾ ಎಂದರು.

ಇಳಿದು ಬಂದವನು ಆಮೇಲೆ ತಂಡ ಬಿಡಲಿಲ್ಲ. ಶಾಲೆಯಲ್ಲಿ ಯಾವ ಪದ್ಯವೂ ನಿಲ್ಲದ ತಲೆಯಲ್ಲಿ ಆ ಹಾಡುಗಳು ಅಂಟಿನ ಹಾಗೆ ನಿಂತವು. ನಾಲ್ಕು ದನಿ ಒಂದಾಗುವ ಗಳಿಗೆಯಲ್ಲಿ ತನ್ನ ದನಿ ಯಾವುದೆಂದು ತನಗೇ ತಿಳಿಯುವುದಿಲ್ಲ. ಆ ಗಳಿಗೆಯಲ್ಲಿ ಅವನಿಗೆ ಯಾರ ಮೇಲೂ ಸಿಟ್ಟಿರುವುದಿಲ್ಲ. ಉಳಿದ ಹೊತ್ತೆಲ್ಲ ಇರುತ್ತದೆ. ಈ ವರ್ಷ ಕ್ರಿಸ್‌ಮಸ್ಸಿನ ಹಿಂದಿನ ಸಂಜೆ, ಪೂಜೆ ಶುರುವಾಗುವ ಮುಂಚೆ, ಗೋದಲಿಯ ಪಕ್ಕದಲ್ಲಿ ನಿಂತು ಆ ಹಾಡಿನ ಮೊದಲ ಚರಣವನ್ನು ಅವನೊಬ್ಬನೇ ಹಾಡುವುದೆಂದು ನಿಶ್ಚಯವಾಗಿತ್ತು. ವರ್ಷವಿಡೀ ಅವನು ಬದುಕಿದ್ದೇ ಆ ಚರಣಕ್ಕಾಗಿ ಎಂದರೆ ಸುಳ್ಳಲ್ಲ.

ಈಗ ಅದು ಹೋಯಿತು. ಮರುದಿನ ಅಭ್ಯಾಸಕ್ಕೆ ಕರೆ ಬರಲಿಲ್ಲ. ವಾಟ್ಸಾಪ್ ಗ್ರೂಪಿನಲ್ಲಿ ಅವನ ಹೆಸರು ಇತ್ತು, ಆದರೆ ಗ್ರೂಪು ಸತ್ತ ಹಾಗೆ ಸುಮ್ಮನಾಗಿತ್ತು. ಬೇರೆ ಗ್ರೂಪು ಮಾಡಿಕೊಂಡಿದ್ದಾರೆಂದು ತಿಳಿಯಲು ಹೆಚ್ಚು ಓದಬೇಕಾಗಿಲ್ಲ. ಕುಮಟೆಯಲ್ಲಿ ಒಂದು ಲಾಡ್ಜಿನ ಕೆಲಸ ನಡೆದಿತ್ತು. ಅಲ್ಲಿ ಗೋಡೆಗೆ ಪುಟ್ಟಿ ಎಳೆಯುತ್ತ ಇನಾಸ ಸಣ್ಣ ದನಿಯಲ್ಲಿ ಸುದ್ದಿ ಹೇಳಿದ. ರೊಜಾಲಿನ್ ಬಾಯಿ ಆ ಸಂಜೆಯಿಂದ ಊಟ ಬಿಟ್ಟಿದ್ದಾರಂತೆ, ಮುಖ ಊದಿದೆಯಂತೆ, ನಿನ್ನೆ ಆಸ್ಪತ್ರೆಗೆ ಕರೆದುಕೊಂಡು ಹೋದರಂತೆ. ಹೇಳಿ, ನೀನೆಂತ ಬೇಕಂತ ಮಾಡಿದ್ದಲ್ಲ ಬಿಡು ಎಂದು ಸೇರಿಸಿದ. ಆ ಸಮಾಧಾನ ಕೇಳಿ ದಿನಕರ ಚಾಕನ್ನು ಗೋಡೆಗೆ ಒತ್ತಿ ಎಳೆದ. ಚಾಕು ಜಾರಿ ಪುಟ್ಟಿಯ ಮೇಲೆ ಉದ್ದ ಗೀರು ಬಿತ್ತು.

ಮನೆಯಲ್ಲಿ ಬಾಯಿಂದ ರಾಗ ಹೊರಡಲಿಲ್ಲ. ಒಂದು ಸಾಲು ಗುನುಗಿದರೆ ಆ ತೆರೆದ ಬಾಗಿಲಿನ ಕತ್ತಲೆ ಕಣ್ಣಿಗೆ ಬರುತ್ತಿತ್ತು. ಮಗ ಸತ್ತ ತಾಯಿಯ ಎದುರು ನಿಂತು, ಇವತ್ತೊಂದು ದಿನ ಮಡಿಲಲ್ಲಿ ಮಲಗು ಎಂದು ಹಾಡಿಬಿಟ್ಟೆನಲ್ಲ. ಕತ್ತಿ ಹಾಕಿದ ಹಾಗಾಗಿರಬಹುದು. ಆ ಹೆಂಗಸು ಇದರಿಂದಲೇ ಹಾಸಿಗೆ ಹಿಡಿದರೆ? ಅವ್ವಿ ಅವನು ಉಣ್ಣದೆ ಬಿಟ್ಟ ತಟ್ಟೆ ನೋಡಿ, ಎರಡು ದಿನ ಕಾದು, ಕೊನೆಗೆ ಬಾಯಿಬಿಟ್ಟಳು.

"ಕೇಳದೆ ಸುಮ್ನೆ ಕುಂತ್ರೆ ಹೊಟ್ಟೆ ಒಳಗೆ ಹುಳ ಬೀಳ್ತದೆ ತಮ್ಮಾ. ಹೋಗಿ ಕಾಲಿಗೆ ಬೀಳು. ಬೈದ್ರೆ ಬೈಸ್ಕಂಡು ಬಾ."

ಅವನು ಹೋದ. ಓಣಿಯ ಬಾಯಲ್ಲಿ ಎರಡು ಸಲ ಹಿಂದಿರುಗಿ, ಬೈಕು ದೂರ ನಿಲ್ಲಿಸಿ, ಮೂರನೇ ಸಲ ನಡೆದುಕೊಂಡೇ ಹೋದ. ರೊಜಾಲಿನ್ ಬಾಯಿ ಹಿತ್ತಲಲ್ಲಿ ಕೋಳಿಗೆ ಅಕ್ಕಿನುಚ್ಚು ಹಾಕುತ್ತಿದ್ದರು. ಒಂದು ಕೆನ್ನೆ ಊದಿದ್ದು ನಿಜ. ಅವನನ್ನು ಕಂಡು ಮೊರ ಕೆಳಗಿಟ್ಟರು. ದಿನಕರ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತು, ಬಾಯಿ, ನನ್ನಿಂದ ನಿಮಗೆ ಹುಷಾರಿಲ್ಲದ ಹಾಗಾಯಿತೇ ಎಂದಷ್ಟೇ ಕೇಳಿದ.

ಅವರು ಕೆನ್ನೆ ಮುಟ್ಟಿಕೊಂಡರು. ಹಲ್ಲಂತೆ. ದವಡೆಯ ಹಲ್ಲು ಕೀವಾಗಿ, ನುಂಗಲಾಗದೆ, ಕೀಳಿಸಿಕೊಂಡು ಬಂದದ್ದು. ಊರಿನವರಿಗೆ ಹಲ್ಲು ನೋವು ಸಾಲುವುದಿಲ್ಲ, ದೊಡ್ಡದೇ ಬೇಕು ಎಂದರು. ಅವನಿಗೆ ನಗು ಬಂತು, ನಗಬಹುದೋ ಇಲ್ಲವೋ ತಿಳಿಯಲಿಲ್ಲ. ಕಟ್ಟೆ ತೋರಿಸಿದರು, ಕುಳಿತ. ಅವರು ಮತ್ತೆ ಮೊರ ಎತ್ತಿಕೊಂಡು ನುಚ್ಚು ಚೆಲ್ಲಿದರು.

ಆಮೇಲೆ ಅವರು ಕೋಳಿಯನ್ನೇ ನೋಡುತ್ತ ಹೇಳಿದರು. "ಸಿಟ್ಟು ಬಂದಿತ್ತು ಬಾಬಾ, ಸುಳ್ಳು ಹೇಳೂದಿಲ್ಲ. ಗುಡಿಸೂ ಹಿಡಿ ತಕ್ಕೊಂಡೇ ಬಾಗಿಲಿಗೆ ಬಂದೆ, ಹೊಡಿವಾ ಅಂತ. ಬೋನಿ ಹೋದ ಮೇಲೆ ಎಲ್ಲರೂ ಈ ಮನೆ ಮುಂದೆ ಹಾವಿನ ಹುತ್ತ ದಾಟಿದ ಹಾಗೆ ದಾಟ್ತಾರೆ. ಮರ್ಯಾದೆಯಂತೆ. ತಾಟು ತುಂಬ ತಿಂಡಿ ತಂದು ಕೊಡ್ತಾರೆ, ಒಂದು ಮಾತಾಡೂದಿಲ್ಲ. ನೀನು ಹಾಡಿದೆ. ಹಿಡಿ ಅಲ್ಲೇ ಬಿಟ್ಟು ಬಾಗಿಲ ಹಿಂದೆ ಕೂತೆ. ಎಷ್ಟು ಅತ್ತೆ ಅಂದ್ರೆ, ಮರುದಿನ ಬೆಳಿಗ್ಗೆ ಹಸಿವಾಯ್ತು. ಆಗ ನೋಡು ಈ ಹಲ್ಲು."

ದಿನಕರ ನೆಲ ನೋಡಿದ. ಎದೆಯ ಮೇಲಿಂದ ಯಾರೋ ಗೋಣಿಚೀಲ ಇಳಿಸಿದ ಹಾಗೆ, ಆದರೆ ಅದರ ಜಾಗ ಇನ್ನೂ ನೋಯುವ ಹಾಗೆ. ಏಳುವಾಗ ಅವರು ಇನ್ನೊಂದು ಮಾತು ಹೇಳಿದರು. ಈ ಸಲ ನಾತಾಳಕ್ಕೆ, ಕ್ರಿಸ್‌ಮಸ್ಸಿನ ಹಿಂದಿನ ಸಂಜೆ, ಇಗರ್ಜಿಗೆ ಹೋಗುವುದೇ ಬೇಡ ಎಂದಿದ್ದರಂತೆ. ಈಗ ಬರುತ್ತಾರಂತೆ, ಆ ಚರಣ ಕೇಳಲಿಕ್ಕೆ. ತನ್ನನ್ನು ತಂಡದಿಂದ ತೆಗೆದಿದ್ದಾರೆ ಎನ್ನಲು ದಿನಕರನಿಗೆ ಬಾಯಿ ಬರಲಿಲ್ಲ. ಆತು ಎಂದು ಬಂದ.

ಉಳಿದ ದಿನಗಳು ಉರಿಯಾಗಿಯೇ ಕಳೆದವು. ಪಾದ್ರಿಗಳ ಹತ್ತಿರ ಹೋದರೆ ಅವರು, ಹಾಡಿನದೆಲ್ಲ ವಿನ್ಸೆಂಟ್ ನೋಡಿಕೊಳ್ಳುವುದು, ನಾನು ಹೇಳಿ ನೋಡುತ್ತೇನೆ ಎಂದರು. ಹೇಳಿದರೋ ಇಲ್ಲವೋ. ಕೊನೆಯ ದಿನ ಮಧ್ಯಾಹ್ನ ಮಾಸ್ತರರದೇ ಫೋನು ಬಂತು. ಆ ಚರಣಕ್ಕೆ ನಿಲ್ಲಿಸಿದ ಹುಡುಗನ ಗಂಟಲು ಕಟ್ಟಿದೆ, ಸಂಜೆ ಬಾ, ಅಲ್ಲೇ ಮಾತಾಡುವ. ದಿನಕರ ತೊಳೆದ ಬಿಳಿ ಅಂಗಿ ತೊಟ್ಟ. ಉಗುರಿನ ಸಂದಿಯ ಬಣ್ಣ ಎಷ್ಟು ಉಜ್ಜಿದರೂ ಹೋಗಲಿಲ್ಲ. ದಾರಿಯಲ್ಲಿ ಬೈಕಿನ ಸದ್ದಿನ ಅಡಿಯಲ್ಲಿ ದನಿ ತೆಗೆದು ನೋಡಿದ. ಇತ್ತು. ಕೆಳಗಿನ ಸ್ವರದಲ್ಲಿ ಸ್ವಲ್ಪ ನಡುಗುತ್ತಿತ್ತು, ಆದರೂ ಇತ್ತು.

ಇಗರ್ಜಿಯ ಅಂಗಳದಲ್ಲಿ ಬಣ್ಣದ ದೀಪ ಹತ್ತಿದ್ದವು. ಹುಲ್ಲು ಹಾಸಿದ ಗೋದಲಿಯ ಪಕ್ಕ ತಂಡ ಸಾಲಾಗಿ ನಿಂತಿತ್ತು. ಎದುರಿನ ಕುರ್ಚಿಗಳು ಆಗಲೇ ತುಂಬಿದ್ದವು. ಒಂದು ಕಂಬದ ಹತ್ತಿರ ಕಪ್ಪು ಸೀರೆಯ ರೊಜಾಲಿನ್ ಬಾಯಿ ಒಬ್ಬರೇ ನಿಂತಿದ್ದರು. ಸುತ್ತ ಜನ ಅವರಿಗೆ ಒಂದು ಮಾರು ಜಾಗ ಬಿಟ್ಟಿದ್ದರು, ಅದೇ ಮರ್ಯಾದೆ. ಅವನನ್ನು ಕಂಡು ಅವರು ಸ್ವಲ್ಪ ತಲೆಯಾಡಿಸಿದರು. ಅವನ ಕೊರಳಿನಲ್ಲಿ ಮೊದಲ ಸ್ವರ ಬಂದು ಕುಳಿತುಬಿಟ್ಟಿತು, ಬಾಯಿ ತೆರೆದರೆ ಸಾಕು.

ಮಾಸ್ತರರು ಮೈಕಿನ ಹತ್ತಿರ ಅವನನ್ನು ತಡೆದರು. ಸಿಟ್ಟಿನ ಮುಖವಲ್ಲ, ದೊಡ್ಡ ಮನಸ್ಸು ಮಾಡಿದವರ ಮುಖ.

"ಹಾಡು ಮಾರಾಯ, ಯಾರು ಬೇಡ ಹೇಳ್ತಾರೆ. ಒಂದೇ ಮಾತು. ಎಲ್ಲರೂ ಇದ್ದಾರೆ, ಮೈಕ್ ಇದೆ. ಸಾವಿನ ಮನೆ ಮುಂದೆ ಹಾಡಿದ್ದು ತಪ್ಪಾಯ್ತು, ಇನ್ನು ಮಾಡೂದಿಲ್ಲ ಅಂತ ಹೇಳಿಬಿಡು. ಆಯ್ತು, ಮುಗೀತು."

ಸಾಲಿನಿಂದ ಯಾರೋ, ಹೇಳಿಬಿಡು ದಿನು, ಎಂತ ಹೋಗ್ತದೆ ಎಂದರು. ಇನಾಸನೂ ಕಣ್ಣಲ್ಲೇ ಅದನ್ನೇ ಹೇಳಿದ. ಹೌದು, ಎಂತ ಹೋಗುತ್ತದೆ? ಕಂತ್ರಾಟುದಾರರಿಗೆ, ಮನೆಯೊಡೆಯರಿಗೆ, ಪೋಲೀಸರಿಗೆ ದಿನಕ್ಕೆ ಹತ್ತು ಸಲ ತಪ್ಪಾಯ್ತು ಎನ್ನುವ ಬಾಯಿ ಅವನದು. ಆ ಶಬ್ದ ನಾಲಿಗೆಯ ತುದಿಗೂ ಬಂತು. ಅದರ ಹಿಂದೆಯೇ ಹಾಡು ಕಾದಿತ್ತು, ವರ್ಷವಿಡೀ ಕಾದಿದ್ದು.

ಅವನು ಕಂಬದ ಕಡೆ ನೋಡಿದ. ರೊಜಾಲಿನ್ ಬಾಯಿಗೆ ಮಾತು ಕೇಳಿಸಿತ್ತು. ಅವರ ಕೈ ಸೆರಗಿನ ತುದಿಯನ್ನು ಬಿಗಿಯಾಗಿ ಹಿಡಿದಿತ್ತು. ಅವನು ಈಗ ತಪ್ಪೆಂದರೆ ಅವರು ಬಾಗಿಲ ಹಿಂದೆ ಕುಳಿತು ಅತ್ತದ್ದೂ ತಪ್ಪು. ಮರುದಿನ ಹಸಿವಾದದ್ದೂ ತಪ್ಪು. ನಾಳೆಯಿಂದ ಆ ಓಣಿಯಲ್ಲಿ ಜನ ಇನ್ನೂ ಮೆಲ್ಲಗೆ ಕಾಲಿಡುತ್ತಾರೆ. ಹೇಳದಿದ್ದರೆ ಅವರು ಕೇಳಲು ಬಂದ ಹಾಡು ಅವರಿಗಿಲ್ಲ, ಅದೂ ಅವನಿಗೆ ಗೊತ್ತಿತ್ತು.

ಮಾಸ್ತರರು ಮೈಕನ್ನು ಅವನ ಬಾಯಿಯ ಹತ್ತಿರ ತಂದರು. ಅದರಲ್ಲಿ ಅವನ ಉಸಿರಿನ ಸದ್ದು ಅಂಗಳಕ್ಕೆಲ್ಲ ಕೇಳಿತು. ಕುರ್ಚಿಗಳ ಮಾತು ನಿಂತಿತು. ಎಂತ, ಬಾಯಿಲ್ಲವಾ ಎಂದರು ಮಾಸ್ತರರು, ಈ ಸಲ ನಗುತ್ತ.

ದಿನಕರ ತುಟಿ ಮುಚ್ಚಿಕೊಂಡ. ತಿರುಗಿದ. ಕುರ್ಚಿಗಳ ನಡುವಿನ ದಾರಿಯಲ್ಲಿ, ಯಾರ ಮುಖವನ್ನೂ ನೋಡದೆ, ಗೇಟಿನ ಕಡೆಗೆ ನಡೆಯತೊಡಗಿದ.