ಮಗ್ಗದ ಮನೆಯ ತುಟಿಮಾತು

ದೊಡ್ಡಬಳ್ಳಾಪುರದ ಮಗ್ಗದ ಮನೆಗಳಲ್ಲಿ ಹುಟ್ಟಿದವರಿಗೆ ಕಿವಿಗಿಂತ ಕಣ್ಣು ಚುರುಕು. ನಾಲ್ಕು ಪವರ್‌ಲೂಮುಗಳ ಸದ್ದಿನಲ್ಲಿ ಕೂಗಿ ಗಂಟಲು ಹರಿದುಕೊಳ್ಳುವವರು ಯಾರು? ತುಟಿ ಆಡಿಸಿದರೆ ಸಾಕು, ಆ ತುದಿಯಲ್ಲಿರುವವರಿಗೆ ಅರ್ಥವಾಗುತ್ತದೆ. ನನ್ನ ಅಜ್ಜಿ ಪಾಪಮ್ಮನಿಗಂತೂ ಕಿವಿ ಕೆಪ್ಪಾಗಿ ಹತ್ತು ವರ್ಷವಾಯಿತು. ಅವಳ ಸಂಸಾರವೆಲ್ಲ ತುಟಿಮಾತಿನಲ್ಲೇ.

ಈ ಸಂಕ್ರಾಂತಿಯ ಹೊತ್ತಿಗೆ ತಾತ ಸೊಣ್ಣಪ್ಪ ತೀರಿಕೊಂಡರು. ಆಮೇಲೆ ಅಜ್ಜಿ ಮೂಲೆಯ ಮಗ್ಗದ ಪಕ್ಕದಲ್ಲಿದ್ದ ಅವರ ಖಾಲಿ ಸ್ಟೂಲನ್ನು ನೋಡುತ್ತಾ ತುಟಿ ಆಡಿಸತೊಡಗಿದಳು. ನಡುವೆ ನಿಲ್ಲಿಸುತ್ತಾಳೆ, ದಿಟ್ಟಿಸುತ್ತಾಳೆ, ತಲೆದೂಗಿ ಮತ್ತೆ ಉತ್ತರ ಕೊಡುತ್ತಾಳೆ.

ನಾನು ಪಿಯುಸಿಯಲ್ಲಿ ಸೈನ್ಸ್ ಓದಿದವಳು. ಡಿಗ್ರಿಗೆ ಸೈಕಾಲಜಿಯೇ ಬೇಕೆಂದು ಹಟ ಹಿಡಿದು ಗೆದ್ದಿದ್ದೆ. ಉಳಿದದ್ದು ಬಿಎಯೋ ಬಿಎಸ್ಸಿಯೋ ಎಂಬುದು. ಅರ್ಜಿಗೆ ಅಂದೇ ಕೊನೆಯ ದಿನ.

"ಬಿಎಸ್ಸಿನೇ ತಗೊಳ್ಳಮ್ಮ ಅರ್ಪಿತ," ಎಂದರು ಅಪ್ಪ. "ಮಿದುಳು, ನರ ಎಲ್ಲಾ ಓದಿ ನಿಮ್ಮಜ್ಜಿ ತಲೇಲಿ ಏನ್ ಕೆಟ್ಟೈತೆ ಅಂತ ಹೇಳು. ಬಿಎನಲ್ಲಿ ಏನೈತೆ? ಕೂತ್ಕೊಂಡು ಇನ್ನೊಬ್ರ ಕಷ್ಟ ಕೇಳೋದು."

ನನಗೂ ಅದೇ ಸರಿ ಎನಿಸಿತ್ತು. ಆದರೂ ಅಜ್ಜಿಯ ಎದುರು ಕೂತು ಕೇಳಿದೆ: "ತಾತನ ದನಿ ಕೇಳ್ಸುತ್ತೇನಜ್ಜಿ?"

ಅಜ್ಜಿ ನಕ್ಕಳು. "ಕೆಪ್ಪಿಗೆ ಎಂಥಾ ದನಿ ಮಗಾ? ಅವ್ರ ತುಟಿ ಕಾಣ್ಸುತ್ತೆ."

ಇಲ್ಲದವರ ದನಿ ಕೇಳುವವರ ಬಗ್ಗೆ ಓದಿದ್ದೆ. ಇಲ್ಲದವರ ತುಟಿ ಓದುವವರ ಬಗ್ಗೆ ಎಲ್ಲೂ ಓದಿರಲಿಲ್ಲ.

ಬಾಗಿಲ ಹತ್ತಿರ ಹೋಗಿ, ಅಜ್ಜಿಗೆ ಬೆನ್ನು ಹಾಕಿ ಮೊಬೈಲಿನಲ್ಲಿ ಅರ್ಜಿ ತೆರೆದೆ. ಯಾರಿಗೂ ಹೇಳದೆ ಬಿಎಸ್ಸಿ ಒತ್ತಿದೆ. ತಿರುಗಿದರೆ, ಅಕ್ಷರವೇ ಬಾರದ ಅಜ್ಜಿ ನನ್ನನ್ನೇ ನೋಡುತ್ತಿದ್ದಳು. ಮಗ್ಗಗಳ ಸದ್ದಿನ ಆಚೆಯಿಂದ ಅವಳ ತುಟಿ ನಿಧಾನವಾಗಿ ಆಡಿತು: "'ನನ್ನ ಓಡ್ಸೋಕೇ ಓದ್ತೀಯಾ?' ಅಂತ ನಿಮ್ಮ ತಾತ ಕೇಳ್ತಾವ್ರೆ."

ಭಯವಾಯಿತು. ಭಯಕ್ಕಿಂತ ಹೆಚ್ಚು ನಾಚಿಕೆಯಾಯಿತು. ಐದು ತಿಂಗಳಲ್ಲಿ ಈ ಮನೆಯಲ್ಲಿ ಒಬ್ಬರಾದರೂ ತಾತ ಏನೆಂದರು ಎಂದು ಅವಳನ್ನು ಕೇಳಿರಲಿಲ್ಲ. ಬಿಎಸ್ಸಿ ತೆಗೆದು ಬಿಎ ಒತ್ತಿ, ಅರ್ಜಿ ಕಳಿಸಿಬಿಟ್ಟೆ. ಅಪ್ಪ ಬೈಯಲಿ, ನೋಡಿಕೊಳ್ಳೋಣ.

ಅಷ್ಟರಲ್ಲಿ ಅಜ್ಜಿ ಸ್ಟೂಲಿನ ಕಡೆ ತಿರುಗಿ ಕೂತಿದ್ದಳು. ನನಗೆ ಕಾಣುತ್ತಿದ್ದದ್ದು ಅವಳ ಬೆನ್ನು ಮಾತ್ರ. ನಾನು ನಿಂತಲ್ಲಿಂದಲೇ, ದನಿ ಹೊರಡಿಸದೆ, ಆ ಖಾಲಿ ಸ್ಟೂಲಿಗೆ ತುಟಿಯಲ್ಲಿ ಹೇಳಿದೆ: "ಇಲ್ಲ ತಾತ. ನಿನ್ನ ಮಾತು ಕೇಳೋಕೆ."

ಅಜ್ಜಿ ಸ್ಟೂಲನ್ನು ಒಂದು ಗಳಿಗೆ ದಿಟ್ಟಿಸಿ ತಲೆದೂಗಿದಳು. ಆಮೇಲೆ, ನನ್ನ ಕಡೆ ತಿರುಗದೆಯೇ, ಕೈಯನ್ನು ಹಿಂದಕ್ಕೆ ಚಾಚಿ ಹತ್ತಿರ ಬಾ ಎಂದು ಕರೆದಳು.